ಕೇಳಿ ಕೊಳ್ಳಬೇಕು, ಹೇಳಿ ಮಾರಬೇಕು



ಮಠದ ಸ್ವಾಮಿಗಳಿಗೂ ಹಳೆಯ ಗ್ರಾಮಫೋನ್ ತಟ್ಟೆಗಳನ್ನು ಮಾರುವ ಅಂಗಡಿಗೂ ಏನು ಸಂಬಂಧವೆಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಸಂಬಂಧವುಂಟು. ಹಿಂದಿನವರು ವಚನಗಳನ್ನು ಹೇಗೆ ಹಾಡುತ್ತಿದ್ದರೆಂಬುದನ್ನು ಶ್ರೀಮಠದ ಸಂಗೀತ ಪಾಠಶಾಲೆಯ ಮಕ್ಕಳಿಗೆ ಕೇಳಿಸಬೇಕೆಂಬ ಅಪೇಕ್ಷೆಯಿಂದ ಕೆಲವು ವರ್ಷಗಳಿಂದ ಇಂಥ ತಟ್ಟೆಗಳನ್ನು ಸಂಗ್ರಹಿಸುತ್ತಿದ್ದೇವೆ. ಬೆಂಗಳೂರಿನ ಭಕ್ತರ ಮನೆಗಳಿಗೆ ಪೂಜೆಗೆಂದು ಬಂದಾಗಲೆಲ್ಲ ಜಯನಗರ, ಬನಶಂಕರಿ, ಜೆ.ಪಿ. ನಗರದ ಕಡೆಯ ಹಳೆಯ ಸಾಮಾನಿನ ಅಂಗಡಿಗಳಿಗೆ ಒಮ್ಮೆ ಹೋಗಿಬರುವುದು ರೂಢಿಯಾಗಿದೆ. ಅಲ್ಲಿ ಕಂಡ ಒಳ್ಳೆಯದನ್ನೂ ಕೆಟ್ಟದ್ದನ್ನೂ ನಿಮ್ಮ ಮುಂದಿಡುವುದು ಈ ಲೇಖನದ ಉದ್ದೇಶ. ಸಂಗೀತದ ಮಾತಿಗಿಂತ ಇದರಲ್ಲಿ ಕಾಯಕದ ಮಾತೇ ಹೆಚ್ಚು.

ಮೊದಲು ವಸ್ತುವಿನ ಸ್ವರೂಪವನ್ನು ತಿಳಿಯೋಣ. ನಿಮ್ಮ ಅಜ್ಜಂದಿರ ಕಾಲದ ಕಪ್ಪು ತಟ್ಟೆ ಅರಗಿನಿಂದಾದುದು. ಮರದ ಕೊಂಬೆಗಳ ಮೇಲೆ ಬದುಕುವ ಸಣ್ಣದೊಂದು ಕೀಟ ಸ್ರವಿಸುವ ಅರಗಿಗೆ ಕಲ್ಲಿನ ಪುಡಿಯನ್ನು ಬೆರೆಸಿ, ಬಿಸಿಯಲ್ಲಿ ಅಚ್ಚೊತ್ತಿ ಅದನ್ನು ಮಾಡುತ್ತಿದ್ದರು. ನಿಮಿಷಕ್ಕೆ 78 ಸುತ್ತು ತಿರುಗುವ ಆ ತಟ್ಟೆಯ ಒಂದು ಮಗ್ಗುಲಿಗೆ ಸುಮಾರು 3 ನಿಮಿಷದ ಹಾಡು ಮಾತ್ರ ಹಿಡಿಯುತ್ತಿತ್ತು. ಕೈಜಾರಿದರೆ ಮಡಕೆಯಂತೆ ಒಡೆಯುತ್ತಿತ್ತು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಮೊದಲಾದವರ ಧ್ವನಿಮುದ್ರಣ ನಡೆಯಿತು. 1908ರಲ್ಲಿ ಅಲ್ಲಿಯೇ ತಟ್ಟೆ ಒತ್ತುವ ಕಾರ್ಖಾನೆ ಆರಂಭವಾಯಿತು. ಆ ಗೌಹರ್ ಜಾನ್ ಕಡೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರಲ್ಲಿ ಮೈಸೂರಿನಲ್ಲಿಯೇ ದೇಹವಿಟ್ಟರು. ಮುಂದೆ 1948ರಲ್ಲಿ ಅಮೆರಿಕದಲ್ಲಿ ವಿನೈಲ್ ಎಂಬ ಪ್ಲಾಸ್ಟಿಕ್ಕಿನ, ನಿಧಾನವಾಗಿ ತಿರುಗುವ ದೊಡ್ಡ ತಟ್ಟೆ ಬಂದಿತು. ಎಲ್.ಪಿ. ಎಂದು ಕರೆಯಿಸಿಕೊಳ್ಳುವ ಅದರ ಒಂದೊಂದು ಮಗ್ಗುಲಲ್ಲಿ 20 ನಿಮಿಷಕ್ಕೂ ಮೀರಿದ ಗಾಯನ ಹಿಡಿಯುತ್ತದೆ. ನಮ್ಮ ದೇಶದಲ್ಲಿ ಸುಮಾರು 1970ರವರೆಗೂ ಅರಗಿನ ತಟ್ಟೆ ಅದರ ಜೊತೆಜೊತೆಗೇ ನಡೆದುಬಂದಿತು. 1980ರ ದಶಕದಲ್ಲಿ ಹಬ್ಬಿದ ಕ್ಯಾಸೆಟ್ಟು, ಅನಂತರದ ಸಿ.ಡಿ. ಇವು ಸೇರಿ ಎರಡು ಬಗೆಯ ತಟ್ಟೆಗಳನ್ನೂ ಅಟ್ಟಕ್ಕೇರಿಸಿದುವು.

ಆ ಅಟ್ಟದ ಮೇಲೆ ಯಾರ ಧ್ವನಿಯಿದೆಯೆಂಬುದನ್ನು ನೆನೆಯಿರಿ. ಧಾರವಾಡ ಮುರುಘಾಮಠದ ಮೃತ್ಯುಂಜಯ ಅಪ್ಪಗಳ ಪರಮಭಕ್ತರಾಗಿದ್ದ ಮಲ್ಲಿಕಾರ್ಜುನ ಮನ್ಸೂರರು (1910-1992) 1930ರ ದಶಕದಲ್ಲಿಯೇ ಎಚ್.ಎಂ.ವಿ. ಕಂಪನಿಗೆ ಹಾಡಿದವರು, ವಚನಗಳಿಗೆ ರಾಗದ ಉಡುಗೆ ತೊಡಿಸಿ ದೊಡ್ಡ ಕಚೇರಿಗಳಲ್ಲಿ ಹಾಡಿದವರು. ಗಂಗೂಬಾಯಿ ಹಾನಗಲ್ಲರ ಮೊದಮೊದಲ ತಟ್ಟೆಗಳ ಮೇಲೆ ಗಾಂಧಾರಿ ಎಂಬ ಹೆಸರಿದೆ. ಅದನ್ನರಿಯದವನು ಕೈಗೆ ಬಂದುದನ್ನೂ ಬಿಟ್ಟು ಹೋದಾನು. ಭೀಮಸೇನ ಜೋಶಿಯವರ ಮೊದಲ ತಟ್ಟೆ 1942ರಲ್ಲಿ ಹೊರಬಂದಾಗ ಅದರಲ್ಲಿದ್ದುವು ಕನ್ನಡದ ಮತ್ತು ಹಿಂದಿಯ ಭಕ್ತಿಗೀತೆಗಳು. ಇವುಗಳಲ್ಲಿ ಎಷ್ಟೋ ಇಂದು ಮೊಬೈಲಿಗೂ ಬಂದಿವೆ, ನಿಜ. ಬಾರದೆ ತಟ್ಟೆಯಲ್ಲಿಯೇ ಉಳಿದವೂ ಉಂಟು.

ಇನ್ನು ವ್ಯಾಪಾರದ ಮಾತು. ಹಳೆಯ ಪಾತ್ರೆಯನ್ನು ಕೊಳ್ಳುವವನು ಅದನ್ನು ಬೆಳಕಿಗೆ ಹಿಡಿದು ತೂತು ಇದೆಯೇ ಎಂದು ನೋಡಬಲ್ಲನು. ಹಳೆಯ ಪುಸ್ತಕವನ್ನು ಕೊಳ್ಳುವವನು ಪುಟ ತಿರುವಿ ಹುಳುಕನ್ನು ಕಾಣಬಲ್ಲನು. ತಟ್ಟೆಯ ಗುಣವಾದರೋ ಮುಳ್ಳು ಇಟ್ಟ ಮೇಲೆಯೇ ತಿಳಿಯತಕ್ಕದ್ದು. ಆದುದರಿಂದ ಈ ವ್ಯಾಪಾರದಲ್ಲಿ ಮಾರುವವನ ಬಾಯಿಮಾತೇ ಅರ್ಧ ಸರಕು. ಆ ಮಾತು ಶುದ್ಧವಾಗಿದ್ದರೆ ಕೊಂಡವನು ಧನ್ಯ. ಕೆಟ್ಟರೆ ಕೊಂಡದ್ದೆಲ್ಲ ಕಸ.

ದಕ್ಷಿಣ ಬೆಂಗಳೂರಿನ ಒಂದು ಅಂಗಡಿಯ ಮಾಲೀಕರು ನಮ್ಮನ್ನು ಕಂಡೊಡನೆ ಗದ್ದುಗೆಗೆ ಎರಗುವಂತೆ ಎರಗಿದರು. "ಬುದ್ಧೀ, ನಿಮ್ಮಂಥೋರಿಗೇ ಅಂತ ಎತ್ತಿಟ್ಟಿದ್ದೆ" ಎಂದು 12 ತಟ್ಟೆಗಳನ್ನು ಒಳಗಿನಿಂದ ತಂದರು. ಒಂದೊಂದೂ ಕನ್ನಡಿಯಂತೆ ಹೊಳೆಯುತ್ತಿತ್ತು. ಹಾಕಿ ಕೇಳಿಸಿರೆಂದರೆ ಯಂತ್ರ ರಿಪೇರಿಗೆ ಹೋಗಿದೆಯೆಂದರು. ಎಲ್ಲವನ್ನೂ ತಾವೇ ಕೇಳಿ ನೋಡಿರುವುದಾಗಿ ವಿಭೂತಿ ಧರಿಸಿದ ಹಣೆ ಮುಟ್ಟಿ ಹೇಳಿದರು. ಮಠಕ್ಕೆಂದು ಬೆಲೆ ಇಳಿಸಿರುವುದಾಗಿ ಹೇಳಿ 6,000 ರೂಪಾಯಿ ಪಡೆದರು. ಊರಿಗೆ ತಂದು ಹಾಕಿದಾಗ ಬಾಣಲೆಯಲ್ಲಿ ಒಗ್ಗರಣೆ ಸಿಡಿಯುವ ಸದ್ದಿನಲ್ಲಿ ಹಾಡು ಮುಳುಗಿಹೋಗಿತ್ತು. ಗೀರುಗಳು ಕಾಣದಿರಲೆಂದು ತಟ್ಟೆಗಳಿಗೆ ಎಣ್ಣೆ ಸವರಿದ್ದರು. ಎಣ್ಣೆಗೆ ಧೂಳು ಹತ್ತಿ, ಗೆರೆಗಳಲ್ಲೆಲ್ಲ ಜಿಡ್ಡು ತುಂಬಿತ್ತು. ನಮ್ಮ ಶಿಷ್ಯನೊಬ್ಬ ಮುಂದಿನ ತಿಂಗಳು ಅವನ್ನು ಹಿಂದಕ್ಕೆ ಕೊಂಡೊಯ್ದನು. "ಹಳೇ ಮಾಲು ಕಣಪ್ಪ, ಇದಕ್ಕೆಲ್ಲ ಗ್ಯಾರಂಟಿ ಎಲ್ಲಿ ಬರುತ್ತೆ?" ಎಂಬ ಉತ್ತರ ಬಂದಿತು. ಆ ದಿನ ಯಾರೂ ಎರಗಲಿಲ್ಲ.

ಬಿ.ಟಿ.ಎಂ. ಬಡಾವಣೆಯ ಭಕ್ತರೊಬ್ಬರಿಗೆ ಆದ ಅನುಭವ ಇನ್ನೊಂದು ಬಗೆಯದು. ಹಿತ್ತಾಳೆಯ ದೊಡ್ಡ ಕಹಳೆಯುಳ್ಳ ಗ್ರಾಮಫೋನ್ ಯಂತ್ರವೊಂದನ್ನು ನೂರು ವರ್ಷ ಹಳೆಯದೆಂದು ಅವರಿಗೆ ತೋರಿಸಿದ್ದರು. ಶ್ರೀಮಠಕ್ಕೆ ಸಮರ್ಪಿಸಬೇಕೆಂಬ ಆಸೆಯಿಂದ ಅವರು ನಮ್ಮನ್ನೂ ಕರೆದೊಯ್ದರು. ನೋಡಿದರೆ ಪೆಟ್ಟಿಗೆ ಹೊಸ ಮರದ್ದು, ಕಹಳೆ ಹೊಸ ತಗಡಿನದು, ಒಳಗಿನ ಕೀಲಿ ಮಾತ್ರ ಯಾವುದೋ ಹಳೆಯ ಸೂಟ್‌ಕೇಸ್ ಮಾದರಿಯ ಯಂತ್ರದ್ದು. ನಾಯಿ ಕಹಳೆಗೆ ಕಿವಿಗೊಟ್ಟು ಕುಳಿತಿರುವ ಆ ಪ್ರಸಿದ್ಧ ಚಿತ್ರವನ್ನು ಮೇಲೆ ಅಂಟಿಸಿದ್ದರು. ಇಂಥವನ್ನು ಹೊಸದಾಗಿ ಜೋಡಿಸಿ ಮಾರುವುದು ನಮ್ಮ ದೇಶದಲ್ಲಿ ಬಹುಕಾಲದಿಂದ ನಡೆದುಬಂದಿದೆ. ಹೊಸದನ್ನು ಮಾಡಿ ಹೊಸದೆಂದೇ ಮಾರಿದರೆ ಅದೂ ಒಂದು ಕಾಯಕವೇ. ಅಲಂಕಾರಕ್ಕೆ ಬೇಕಾದವರು ಕೊಳ್ಳಲಿ. ಹೊಸದರ ಮೇಲೆ ನೂರು ವರ್ಷದ ಸುಳ್ಳನ್ನು ಹೊರಿಸುವುದು ಕಾಯಕವೆನಿಸದು.

ಇವೆರಡಕ್ಕೂ ಪ್ರತಿಯಾಗಿ ಒಂದು ಅಂಗಡಿಯ ಮಾತನ್ನು ಹೇಳುತ್ತೇವೆ. ಜಯನಗರದ ನಾಲ್ಕನೆಯ ಬ್ಲಾಕಿನಿಂದ ಸ್ವಲ್ಪ ದೂರದ ಅಡ್ಡರಸ್ತೆಯೊಂದರಲ್ಲಿ ವೃದ್ಧ ಸಾಹೇಬರೊಬ್ಬರು ಚಿಕ್ಕದೊಂದು ಮಳಿಗೆ ಇಟ್ಟುಕೊಂಡಿದ್ದಾರೆ. ಅವರ ತಂದೆ ಗ್ರಾಮಫೋನ್ ರಿಪೇರಿ ಮಾಡುತ್ತಿದ್ದವರು. ನಾವು ಮೊದಲ ಸಲ ಹೋದಾಗ ಅವರು ಎದ್ದು ನಿಲ್ಲಲಿಲ್ಲ. ಕೈಯಲ್ಲಿ ಒರಸುತ್ತಿದ್ದ ತಟ್ಟೆಯಿತ್ತು. "ಬನ್ನಿ ಸ್ವಾಮಿಗಳೇ, ಕೂತ್ಕೊಳಿ" ಎಂದಷ್ಟೇ ಹೇಳಿದರು. ನಾವು ಆರಿಸಿದ ಪ್ರತಿಯೊಂದನ್ನೂ ಯಂತ್ರದ ಮೇಲಿಟ್ಟು, ಎರಡೂ ಮಗ್ಗುಲನ್ನು ಕೇಳಿಸಿದರು. ಕೇಳಿಸುವುದಕ್ಕೆ ಮೊದಲೇ ದೋಷವನ್ನು ಹೇಳುತ್ತಿದ್ದರು: "ಇದು ಎರಡನೇ ಮಗ್ಗುಲಲ್ಲಿ ಒಂದು ಕಡೆ ಹಾರುತ್ತೆ. ಇದು ಬಿಸಿಲಿಗೆ ಬಗ್ಗಿದೆ, ತಗೋಬೇಡಿ." ಹೀಗೆ ಆರಿಸಿದ 9 ತಟ್ಟೆಗಳಲ್ಲಿ 4ನ್ನು ಅವರೇ ತೆಗೆದು ಪಕ್ಕಕ್ಕಿಟ್ಟರು. ಮಠಕ್ಕೆಂದು ಬೆಲೆ ಸ್ವಲ್ಪ ಕಡಿಮೆ ಮಾಡಿರೆಂದು ನಮ್ಮ ಶಿಷ್ಯ ಕೇಳಿದನು. ಸಾಹೇಬರು ನಕ್ಕು, "ಮಠಕ್ಕೆ ಕಾಣಿಕೆ ಕೊಡೋದಾದ್ರೆ ಮಠಕ್ಕೇ ಬಂದು ಕೊಡ್ತೀನಿ ತಮ್ಮಾ. ಅಂಗಡೀಲಿ ಬೆಲೆ ಎಲ್ರಿಗೂ ಒಂದೇ" ಎಂದರು. ಆ ಮಾತು ನಮಗೆ ಬಹಳ ಹಿಡಿಸಿತು.

ತಟ್ಟೆಗಳನ್ನು ಕಾಪಾಡುವ ಕ್ರಮವನ್ನೂ ಅವರು ಹೇಳಿಕೊಟ್ಟರು. ನಿಮ್ಮ ಮನೆಯಲ್ಲಿ ಇದ್ದರೆ ಉಪಯೋಗವಾದೀತೆಂದು ಬರೆಯುತ್ತೇವೆ. ಅರಗಿನ ತಟ್ಟೆಗೆ ಸ್ಪಿರಿಟ್ ತಾಗಿಸಬಾರದು. ಅರಗು ಅದರಲ್ಲಿ ಕರಗುತ್ತದೆ. 78ರ ತಟ್ಟೆಗೆ ಅಗಲವಾದ ಮುಳ್ಳೇ ಬೇಕು, ಎಲ್.ಪಿ.ಯ ಸಣ್ಣ ಮುಳ್ಳನ್ನು ಅದಕ್ಕೆ ಹಾಕಬಾರದು. ಕೀಲಿ ಕೊಡುವ ಯಂತ್ರದಲ್ಲಿ ಉಕ್ಕಿನ ಮುಳ್ಳನ್ನು ಒಂದು ಮಗ್ಗುಲಿಗೆ ಒಂದರಂತೆ ಬದಲಾಯಿಸಬೇಕು. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸದೆ, ಪುಸ್ತಕಗಳಂತೆ ನೆಟ್ಟಗೆ ನಿಲ್ಲಿಸಿ, ಬಿಸಿಲು ಬೀಳದ ಕಡೆ ಇಡಬೇಕು.

ಎರಡು ವರ್ಷಗಳ ಕೆಳಗೆ ಒಂದು ದಿನ ಆ ಸಾಹೇಬರು ಶ್ರೀಮಠಕ್ಕೆ ಫೋನ್ ಮಾಡಿದರು. "ಸ್ವಾಮಿಗಳೇ, ನಿಮ್ಮ ಮಠದ ಹೆಸರಿರೋ ಪ್ಲೇಟುಗಳು ಬಂದಿವೆ" ಎಂದರು. ಹೋಗಿ ನೋಡಿದೆವು. ತಟ್ಟೆಗಳ ಕಾಗದದ ಚೀಲಗಳ ಮೇಲೆ ರಬ್ಬರ್ ಮೊಹರಿನಲ್ಲಿ ಒಬ್ಬ ಹಿರಿಯರ ಹೆಸರು. ಅದರ ಕೆಳಗೆ ಮಸಿಯಲ್ಲಿ, ಶ್ರೀಮಠದ ಪ್ರಸಾದ ನಿಲಯದ ವಿದ್ಯಾರ್ಥಿ ಎಂಬ ಬರಹ. ನಮ್ಮ ಪ್ರಸಾದ ನಿಲಯದಲ್ಲಿದ್ದು ಓದಿ, ಸರ್ಕಾರಿ ಕೆಲಸದಿಂದ ನಿವೃತ್ತರಾಗಿ ಜಯನಗರದಲ್ಲಿ ನೆಲೆಸಿದ್ದ ಅವರು ಲಿಂಗೈಕ್ಯರಾಗಿ ಆರು ತಿಂಗಳಾಗಿತ್ತು. ಮನೆಯನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟಿಸುವುದಕ್ಕೆ ಕೊಟ್ಟಿದ್ದರು. ಸಾಮಾನು ತೆರವು ಮಾಡುವಾಗ ತಟ್ಟೆಗಳು ಬನಶಂಕರಿಯ ಒಂದು ಗುಜರಿಗೆ ಹೋಗಿದ್ದುವು. ಗುಜರಿಯಲ್ಲಿ ಕಬ್ಬಿಣಕ್ಕೆ ಒಂದು ದರ, ಕಾಗದಕ್ಕೆ ಒಂದು ದರ, ಪ್ಲಾಸ್ಟಿಕ್ಕಿಗೆ ಒಂದು ದರ. ಅರಗಿನ ತಟ್ಟೆ ಈ ಮೂರರಲ್ಲಿ ಯಾವುದೂ ಅಲ್ಲ. ಹೀಗಾಗಿ ರಟ್ಟಿನ ಹೊದಿಕೆಗಳನ್ನು ರದ್ದಿಯ ತೂಕಕ್ಕೆ ಹಾಕಿ, ತಟ್ಟೆಗಳನ್ನು ಮೂಲೆಗೆ ಎಸೆದಿದ್ದರು. ಅಲ್ಲಿ ಕೆಲಸ ಮಾಡುವ ಹುಡುಗನೊಬ್ಬ ಉಳಿದವನ್ನು ಆರಿಸಿ ಸಾಹೇಬರಿಗೆ ತಂದುಕೊಟ್ಟಿದ್ದನು. ಒಡೆದವೆಷ್ಟೋ ಗೊತ್ತಿಲ್ಲ. ಕೈಗೆ ಬಂದವು 17. ಅವುಗಳಲ್ಲಿ ಮನ್ಸೂರರ ವಚನಗಾಯನದ ತಟ್ಟೆಯೂ ಒಂದು.

ಈಗ ತಟ್ಟೆಗಳ ಬೆಲೆ ಏರಿದೆಯೆಂಬುದನ್ನು ನೀವು ಬಲ್ಲಿರಿ. ಲೋಕದಲ್ಲಿ ಅವುಗಳ ಮೇಲಿನ ಪ್ರೀತಿ ಮರಳಿ ಬಂದಿದೆ. ಅಮೆರಿಕದಲ್ಲಿ 2022ರಲ್ಲಿ ವಿನೈಲ್ ತಟ್ಟೆಗಳು ಸಿ.ಡಿ.ಗಳಿಗಿಂತ ಹೆಚ್ಚು ಸಂಖ್ಯೆಯಲ್ಲಿ ಮಾರಾಟವಾದುವು, 1987ರ ಅನಂತರ ಹಾಗಾದುದು ಅದೇ ಮೊದಲು. ನಮಗೆ ಅವು ಬೇಕೇ ಬೇಕೆಂಬುದನ್ನೂ ಸಾಹೇಬರು ಬಲ್ಲರು. ಕೇಳಿದಷ್ಟು ಕೊಡುವ ಸ್ಥಿತಿಯಲ್ಲಿ ನಾವಿದ್ದೆವು. ಅವರು ತಮ್ಮ ಪುಸ್ತಕವನ್ನು ತೆರೆದು ತೋರಿಸಿದರು: ಹುಡುಗನಿಗೆ ಕೊಟ್ಟದ್ದು ತಟ್ಟೆಗೆ 60 ರೂಪಾಯಿ, ತೊಳೆದು ಹೊಸ ಚೀಲ ಹಾಕಿದ ಖರ್ಚು 20, ಅವರ ಲಾಭ 40. ಒಟ್ಟು 120ರಂತೆ ಲೆಕ್ಕ ಹಾಕಿ ಹಣ ಪಡೆದರು. ಅವರ ಲೆಕ್ಕ ಎಂದೂ ಕೊಂಡ ಬೆಲೆಯ ಮೇಲೆಯೇ ಹೊರತು, ಕೊಳ್ಳುವವನ ಆಸೆಯ ಮೇಲಲ್ಲ.

ಆಯ್ದಕ್ಕಿ ಲಕ್ಕಮ್ಮನ ಕಥೆ ನಿಮಗೆಲ್ಲ ತಿಳಿದುದೇ. ಪತಿ ಮಾರಯ್ಯ ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಹೆಚ್ಚಿನದನ್ನು ಮರಳಿ ಸುರಿದು ಬರುವಂತೆ ಆಕೆ ಹೇಳಿದಳು. ಅದನ್ನು ನಾವು ಪುರಾಣದಲ್ಲಿ ಕೇಳಿ ತಲೆದೂಗುತ್ತೇವೆ. ಜಯನಗರದ ಅಡ್ಡರಸ್ತೆಯಲ್ಲಿ, ಶರಣರ ಹೆಸರನ್ನು ಬಾಯಲ್ಲಿ ಹೇಳದ ಒಬ್ಬ ವ್ಯಾಪಾರಿ ಅದನ್ನೇ ಆಚರಿಸುತ್ತಿದ್ದಾನೆ. ಎರಗಿದವನು ಎಣ್ಣೆ ಸವರಿದನು; ಎರಗದವನು ದೋಷವನ್ನು ಮೊದಲೇ ಹೇಳಿದನು. ಲಾಂಛನವನ್ನು ನೋಡಿ ಮನುಷ್ಯನನ್ನು ಅಳೆಯಬಾರದೆಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕೇ?

ಆ ಹಿರಿಯರ ಮಗನಿಗೆ ಸುದ್ದಿ ಮುಟ್ಟಿಸಿದೆವು. ವಿದೇಶದಿಂದ ರಜೆಯ ಮೇಲೆ ಬಂದಿದ್ದ ಅವರು ಶ್ರೀಮಠಕ್ಕೆ ಬಂದರು. ಪಾಠಶಾಲೆಯ ಮಕ್ಕಳು ಮನ್ಸೂರರ ತಟ್ಟೆಯನ್ನು ಹಾಕಿದರು. ಹಾಡು ಎತ್ತಿಕೊಂಡೊಡನೆ ಅವರು, "ಭಾನುವಾರ ಅಪ್ಪಾಜಿ ಪೂಜೆ ಮುಗಿಸಿ ಇದನ್ನೇ ಹಾಕೋರು ಬುದ್ಧೀ. ಪೆಟ್ಟಿಗೇಲಿ ಇದಿತ್ತು ಅಂತ ಯಾರಿಗೂ ಗೊತ್ತಿರಲಿಲ್ಲ" ಎಂದರು. ಮತ್ತೆ ಮಾತಾಡಲಿಲ್ಲ, ಎರಡೂ ಮಗ್ಗುಲು ಮುಗಿಯುವವರೆಗೆ ನೆಲದ ಮೇಲೆಯೇ ಕುಳಿತಿದ್ದರು. ತಟ್ಟೆಗಳನ್ನು ಮನೆಗೆ ಒಯ್ಯಿರೆಂದೆವು. ಅವು ಇಲ್ಲಿಯೇ ಇರಲಿ ಎಂದರು.

ಫ.ಗು. ಹಳಕಟ್ಟಿಯವರು (1880-1964) ಮನೆಮನೆಯ ತಾಳೆಯೋಲೆಯ ಕಟ್ಟುಗಳನ್ನು ಹುಡುಕಿ ತೆಗೆಯದಿದ್ದರೆ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಬರುತ್ತಿರಲಿಲ್ಲ. ಎಷ್ಟೋ ವಚನಗಳು ಗೆದ್ದಲಿನ ಪಾಲಾಗುತ್ತಿದ್ದುವು. ಅಂದು ಓಲೆಗೆ ಒದಗಿದ್ದ ಗತಿಯೇ ಇಂದು ಧ್ವನಿಗೆ ಒದಗಿದೆ. ಓದಲು ಬಾರದವರ ಮನೆಯಲ್ಲಿ ಓಲೆ ಮೂಕವಾಗಿತ್ತು. ಯಂತ್ರವಿಲ್ಲದ ಮನೆಯಲ್ಲಿ ತಟ್ಟೆ ಮೂಕವಾಗಿದೆ.

ಆದುದರಿಂದ ನಿಮ್ಮಲ್ಲಿ ನಮ್ಮ ವಿಜ್ಞಾಪನೆ ಇಷ್ಟು. ತಟ್ಟೆ ಕೊಳ್ಳುವವರು ಕಿವಿಯಾರೆ ಕೇಳಿದ ಮೇಲೆ ಹಣ ಕೊಡಿರಿ. ಕೇಳಿಸಲೊಪ್ಪದ ಅಂಗಡಿಯಿಂದ ನಮಸ್ಕಾರ ಹೇಳಿ ಎದ್ದು ಬನ್ನಿರಿ. ದೋಷ ಹೇಳಿ ಮಾರುವವನ ಹತ್ತಿರ ಚೌಕಾಸಿ ಮಾಡಬೇಡಿರಿ. ನಿಮ್ಮಲ್ಲಿ ವ್ಯಾಪಾರಸ್ಥರು ಅನೇಕರಿದ್ದೀರಿ. ಮಾರುವುದು ತಟ್ಟೆಯಾಗಲಿ ಬಟ್ಟೆಯಾಗಲಿ, ದೋಷವನ್ನು ಮೊದಲು ಹೇಳಿರಿ. ಹಳೆಯ ಮನೆಯನ್ನು ಕೆಡವುವವರು ಗುಜರಿಯವನನ್ನು ಕರೆಯುವ ಮುನ್ನ ಒಂದು ದಿನ ಅಟ್ಟದ ಪೆಟ್ಟಿಗೆಗಳನ್ನು ಇಳಿಸಿ ನೋಡಿರಿ. ತಟ್ಟೆ, ಕ್ಯಾಸೆಟ್ಟು ಏನೇ ಸಿಕ್ಕರೂ ಯಾರದು, ಯಾವ ಕಾಲದ್ದೆಂದು ಹಿರಿಯರನ್ನು ಕೇಳಿ, ಒಂದು ಚೀಟಿಯಲ್ಲಿ ಬರೆದು ಒಳಗಿಡಿರಿ. ನಿಮಗೆ ಬೇಡವಾದುದನ್ನು ಶ್ರೀಮಠದ ಗ್ರಂಥಾಲಯಕ್ಕೆ ತಿಳಿಸಿರಿ. ಒಯ್ಯುವ ಏರ್ಪಾಡನ್ನು ನಾವೇ ಮಾಡುತ್ತೇವೆ.

ನಿಮ್ಮ ಮನೆಗಳಲ್ಲಿ ಹಿರಿಯರ ಧ್ವನಿಯೂ, ನಿಮ್ಮ ವ್ಯವಹಾರಗಳಲ್ಲಿ ಮಾತಿನ ಶುದ್ಧಿಯೂ ಉಳಿದು ಬಾಳಲೆಂದು ಹಾರೈಸುತ್ತೇವೆ. ಶರಣು ಶರಣಾರ್ಥಿ.