ಗುಡ್ಡೆ ಹತ್ತುವವರು ಯಾರು?

2021ರ ಜೂನ್ ತಿಂಗಳಲ್ಲಿ ನಮ್ಮಲ್ಲಿ ಹೆಚ್ಚಿನವರ ಮೊಬೈಲಿಗೆ ಒಂದು ಚಿತ್ರ ಬಂದಿದ್ದೀತು. ಸುಳ್ಯ ತಾಲೂಕಿನ ರಸ್ತೆಯೊಂದರ ಬದಿಯಲ್ಲಿ, ಸುರಿಯುವ ಮಳೆಯಲ್ಲಿ, ವಿದ್ಯಾರ್ಥಿನಿಯೊಬ್ಬಳು ಆನ್‌ಲೈನ್ ಪಾಠ ಕೇಳುತ್ತಿದ್ದಾಳೆ. ತಂದೆ ಅವಳ ತಲೆಯ ಮೇಲೆ ಕೊಡೆ ಹಿಡಿದಿದ್ದಾರೆ. ಅಲ್ ನಹ್ದಾದ ಹನ್ನೊಂದನೆಯ ಮಹಡಿಯಲ್ಲಿ ಕುಳಿತು ನಾನೂ ಆ ಚಿತ್ರವನ್ನು ನೋಡಿದೆ, ಮರುಗಿದೆ, ನಾಲ್ಕು ಜನರಿಗೆ ಕಳುಹಿಸಿದೆ. ಅದೇ ತಾಲೂಕಿನಲ್ಲಿ, ನಮ್ಮ ಮನೆಯ ಹಿಂದಿನ ಗುಡ್ಡೆಯ ತುದಿಯಲ್ಲಿ, ನನ್ನ ಕರೆಗಾಗಿ ಅಪ್ಪನೂ ಹಾಗೆಯೇ ಕೊಡೆ ಹಿಡಿದು ನಿಲ್ಲುತ್ತಿದ್ದರೆಂಬುದು ನನಗೆ ತಿಳಿದಿರಲಿಲ್ಲ.

ಮನೆಯ ಸ್ಥಿರ ದೂರವಾಣಿ ಕೆಟ್ಟ ಮೇಲೆ ಅಪ್ಪ ಮೊಬೈಲಿನಲ್ಲಿ ಮಾತನಾಡತೊಡಗಿದ್ದರು. ‘ಈಗ ಅಂಗಳದಲ್ಲೇ ಸಿಗುತ್ತದೆ’ ಎಂದಿದ್ದರು; ನಾನು ನಂಬಿದ್ದೆ. ಆಗಿನ್ನೂ ಇಲ್ಲಿ ಶುಕ್ರವಾರವೇ ವಾರದ ರಜೆ. ಪ್ರತಿ ಶುಕ್ರವಾರ ಕರೆ ಮಾಡಿದಾಗ ಗಾಳಿಯ ಸದ್ದು ಕೇಳುತ್ತಿತ್ತು. ಅಂಗಳದ ಗಾಳಿಯೆಂದುಕೊಂಡೆ. ಜುಲೈಯ ಒಂದು ಶುಕ್ರವಾರ ಕರೆ ಹೋಗಲೇ ಇಲ್ಲ. ಮರುದಿನ ಪುತ್ತೂರಿನಿಂದ ಅಮ್ಮ ವಿಷಯ ತಿಳಿಸಿದರು: ಗುಡ್ಡೆ ಇಳಿಯುವಾಗ ಪಾಚಿ ಹಿಡಿದ ಮುರಕಲ್ಲಿನ ಮೇಲೆ ಜಾರಿ ಅಪ್ಪನ ಕಾಲಿನ ಎಲುಬು ಮುರಿದಿತ್ತು. ‘ನೀನು ವಾರಕ್ಕೊಮ್ಮೆ ಕರೆ ಮಾಡುವುದು, ನಾನು ವಾರಕ್ಕೊಮ್ಮೆ ಹತ್ತುವುದು. ಅದರಲ್ಲೇನು ಮಾರಾಯ?’ ಎಂದರು ಅಪ್ಪ. ನನ್ನಲ್ಲಿ ಉತ್ತರವಿರಲಿಲ್ಲ.

ಊರಿನ ಕಷ್ಟ ಕಂಡೊಡನೆ ಹಣ ಕಳುಹಿಸಲು ಹೊರಡುವುದು ನಮ್ಮಂಥ ಪರವಾಸಿಗಳ ಅಭ್ಯಾಸ. ನಾನೂ ಹಾಗೆಯೇ ಹೊರಟೆ. ಪೇಟೆಯವರೆಗೆ ಫೈಬರ್ ಬಂದಿತ್ತು. ಅಲ್ಲಿಂದ ಏಳು ಕಿಲೋಮೀಟರ್ ಕಾಡುದಾರಿಯಲ್ಲಿ, ಒಂಬತ್ತು ಮನೆಗಳಿಗಾಗಿ, ಯಾರು ತಂತಿ ಎಳೆದಾರು? ಉಳಿದದ್ದು ಗಾಳಿಯ ದಾರಿ. ಮನೆಯ ವೈಫೈ ಎಲ್ಲ ದಿಕ್ಕಿಗೂ ಹರಡುವುದರಿಂದ ನಾಲ್ಕು ಕೋಣೆಗಳಲ್ಲೇ ಸೊರಗುತ್ತದೆ. ಅದೇ ಅಲೆಯನ್ನು ಸಣ್ಣ ಡಿಶ್‌ನಿಂದ ಟಾರ್ಚಿನ ಬೆಳಕಿನಂತೆ ಒಂದೇ ದಿಕ್ಕಿಗೆ ಹಾಯಿಸಿದರೆ ಹಲವು ಕಿಲೋಮೀಟರ್ ಕ್ರಮಿಸುತ್ತದೆ. ವೆನೆಜುವೆಲಾದ ಎರ್ಮಾನೊ ಪಿಯೆತ್ರೊಸೆಮೊಲಿ ಅವರು 2007ರಲ್ಲಿ ಎರಡು ಪರ್ವತಗಳ ನಡುವೆ 382 ಕಿಲೋಮೀಟರ್ ದೂರಕ್ಕೆ ವೈಫೈ ಸಂಪರ್ಕ ಸಾಧಿಸಿ ತೋರಿಸಿದ್ದರು. ಭಾರತದಲ್ಲಿ 2005ರಲ್ಲಿ 2.4 ಗಿಗಾಹರ್ಟ್ಸ್ ತರಂಗಪಟ್ಟಿಯೂ 2018ರಲ್ಲಿ 5 ಗಿಗಾಹರ್ಟ್ಸ್ ತರಂಗಪಟ್ಟಿಯೂ ಪರವಾನಗಿಯಿಲ್ಲದೆ ಬಳಸಲು ಮುಕ್ತವಾಗಿದ್ದವು.

ಆದರೆ ಎರಡು ತುದಿಗಳೂ ಪರಸ್ಪರ ಕಾಣಬೇಕು. ಅಷ್ಟೇ ಸಾಲದು, ಏಳು ಕಿಲೋಮೀಟರ್ ದಾರಿಯ ನಟ್ಟನಡುವೆ, 5.8 ಗಿಗಾಹರ್ಟ್ಸ್ ಅಲೆಗೆ ನೇರ ಗೆರೆಯ ಸುತ್ತ ಒಂಬತ್ತೂವರೆ ಮೀಟರಿನಷ್ಟು ವಲಯವಿರುತ್ತದೆ. ಅದರ ಹೆಚ್ಚಿನ ಪಾಲಾದರೂ ತೆರವಾಗಿರಬೇಕು. ಮಳೆಹನಿ ಈ ಅಲೆಯನ್ನು ಅಷ್ಟಾಗಿ ತಡೆಯದು, ನೆನೆದ ಎಲೆ ತಡೆಯುತ್ತದೆ. ಕಣಿವೆಯಲ್ಲಿರುವ ನಮ್ಮ ಮನೆಯಿಂದ ಪೇಟೆ ಕಾಣುವುದಿಲ್ಲ. ಪೇಟೆಯೂ ಒಂಬತ್ತು ಮನೆಗಳೂ ಕಾಣುವ ಸ್ಥಳ ಒಂದೇ ಇತ್ತು: ಅಪ್ಪ ನಿಲ್ಲುತ್ತಿದ್ದ ಗುಡ್ಡೆಯ ತುದಿ.

ಡಿಸೆಂಬರಿನಲ್ಲಿ ಊರಿಗೆ ಹೋದಾಗ ಅಲ್ಲಿ ಕಂಬ ನೆಟ್ಟು, ಸೌರಫಲಕ ಮತ್ತು ಬ್ಯಾಟರಿ ಇಟ್ಟೆವು. ಅಂತರಜಾಲ ಸೇವೆ ಮಾರಲು ಪರವಾನಗಿ ಬೇಕಾದುದರಿಂದ, ಪರವಾನಗಿಯುಳ್ಳ ಸಂಸ್ಥೆಯ ಪರವಾಗಿ ಪೇಟೆಯಲ್ಲಿ ಕೇಬಲ್ ನಡೆಸುವವರೇ ಮನೆಮನೆಗೆ ಸಂಪರ್ಕ ಕೊಟ್ಟರು. ಅಲ್ ನಹ್ದಾಕ್ಕೆ ಮರಳಿದ ವಾರ, ಅಪ್ಪ ಜಗಲಿಯಲ್ಲಿ ಕುಳಿತೇ ನನ್ನೊಡನೆ ಮಾತನಾಡಿದರು. ಗಾಳಿಯ ಸದ್ದಿರಲಿಲ್ಲ. ಕೆಲಸ ಮುಗಿಯಿತೆಂದುಕೊಂಡೆ.

ಮೇ ತಿಂಗಳ ಸಿಡಿಲಿಗೆ ಒಂದು ಉಪಕರಣ ಸುಟ್ಟಿತು. ಜುಲೈಯಲ್ಲಿ ಹತ್ತು ದಿನ ಬಿಸಿಲಿಲ್ಲದೆ ಬ್ಯಾಟರಿ ಬರಿದಾಯಿತು. ಬಳಿಕ ಬಳ್ಳಿಯೊಂದು ಕಂಬವನ್ನು ಹಬ್ಬಿ ಡಿಶ್‌ನ ಮುಖ ಮುಚ್ಚಿತು. ಗುಡ್ಡೆಯ ಉಪಕರಣದ ಸ್ಥಿತಿ ಇಲ್ಲಿ ನನ್ನ ಮೊಬೈಲಿನಲ್ಲಿ ಕಾಣುತ್ತಿತ್ತು: ಕೆಂಪು ಗುರುತು. ಹಣ ಕಳುಹಿಸಬಲ್ಲೆ; ಆ ಬಳ್ಳಿಯನ್ನು ಕಡಿಯಲಾರೆ. ಕಾಲು ಇನ್ನೂ ಪೂರ್ತಿ ಸರಿಹೋಗದ ಅಪ್ಪ ಕತ್ತಿ ಹಿಡಿದು ಹೊರಟಿದ್ದರು, ಅಮ್ಮ ತಡೆದರು.

ಇದು ನಮ್ಮೊಬ್ಬರ ಅನುಭವವಲ್ಲವೆಂದು ಆಮೇಲೆ ಓದಿ ತಿಳಿದೆ. ತಮಿಳುನಾಡಿನ ತೇನಿಯಲ್ಲಿ ಅರವಿಂದ ಕಣ್ಣಾಸ್ಪತ್ರೆಯನ್ನು ಹಳ್ಳಿಗಳ ದೃಷ್ಟಿಕೇಂದ್ರಗಳೊಡನೆ ದೂರದ ವೈಫೈಯಿಂದ ಜೋಡಿಸಿದವರು ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು. ಕೆಟ್ಟ ವಿದ್ಯುತ್ತೂ ದುರಸ್ತಿ ಬಲ್ಲ ಸ್ಥಳೀಯರ ಕೊರತೆಯೂ ಅವರನ್ನು ಬಹಳವಾಗಿ ಕಾಡಿದ್ದವೆಂದು ಅವರು 2008ರಲ್ಲಿ ಪ್ರಕಟಿಸಿದ ಲೇಖನ ಹೇಳುತ್ತದೆ. ನಮ್ಮ ತುಮಕೂರು ಜಿಲ್ಲೆಯ ದೇವರಾಯನದುರ್ಗದ ಸುತ್ತ ‘ಜನಸ್ತು’ ಸಂಸ್ಥೆ ಬೆಳೆಸಿದ ವೈಫೈ ಜಾಲದ ಹೆಸರಿನಲ್ಲೇ ಅದು ಸಮುದಾಯದ ಸೊತ್ತೆಂಬ ಮಾತಿದೆ. ನಾನು ಊರಿಗೆ ಕೊಟ್ಟದ್ದು ಒಂದು ಉಡುಗೊರೆ. ಅದನ್ನು ಯಾರೂ ತಮ್ಮದೆಂದುಕೊಂಡಿರಲಿಲ್ಲ. ಅವರ ಅಭಿಪ್ರಾಯವನ್ನು ಕೇಳುವ ಗೋಜಿಗೇ ನಾನು ಹೋಗಿರಲಿಲ್ಲ.

ಆ ಚೌತಿಗೆ ಒಂಬತ್ತು ಮನೆಯವರೂ ನಮ್ಮ ಜಗಲಿಯಲ್ಲಿ ಸೇರಿದರು. ತಿಂಗಳಿಗಿಷ್ಟೆಂದು ದುರಸ್ತಿಗೆ ಹಣ ಕೂಡಿಡುವುದು, ಹದಿನೈದು ದಿನಕ್ಕೊಮ್ಮೆ ಸರದಿಯಂತೆ ಒಂದು ಮನೆಯವರು ಗುಡ್ಡೆ ಹತ್ತಿ ಬಳ್ಳಿ ಕಡಿದು ಫಲಕ ಒರೆಸುವುದು, ಸಿಡಿಲಿನ ಸೂಚನೆ ಕಂಡರೆ ಮನೆಯ ಪ್ಲಗ್ ತೆಗೆಯುವುದು ಎಂದು ನಿರ್ಧಾರವಾಯಿತು. ಇಬ್ಬರು ಹುಡುಗರು ಕೇಬಲಿನವರಿಂದ ಡಿಶ್ ತಿರುಗಿಸುವುದನ್ನು ಕಲಿತರು. ನನ್ನ ಪಾಲು ಒಂಬತ್ತರಲ್ಲಿ ಒಂದಕ್ಕಿಳಿಯಿತು.

ಈಗಲೂ ಮಳೆಗಾಲದಲ್ಲಿ ಸಂಪರ್ಕ ಒಮ್ಮೊಮ್ಮೆ ಎರಡು ದಿನ ತಪ್ಪುತ್ತದೆ. ಮೂರನೆಯ ದಿನ ಬರುತ್ತದೆ. ತಮ್ಮ ಊರಿಗೂ ಇಂಥದನ್ನು ಮಾಡಿಸಬೇಕೆಂದು ಸಂಘದ ಸದಸ್ಯರು ಕೆಲವರು ನನ್ನಲ್ಲಿ ವಿಚಾರಿಸಿದ್ದಾರೆ. ಉಪಕರಣದ ಬೆಲೆ ಕೇಳುವ ಮುನ್ನ ಊರಿಗೆ ಕರೆ ಮಾಡಿ, ಗುಡ್ಡೆ ಹತ್ತುವವರು ಯಾರೆಂದು ಕೇಳಿಕೊಳ್ಳಿ ಎಂದಷ್ಟೇ ನನ್ನ ವಿನಂತಿ.

ಅಪ್ಪ ಈಗ ಗುಡ್ಡೆ ಹತ್ತುವುದಿಲ್ಲ. ಸರದಿಯ ಪುಸ್ತಕ ಅವರ ಬಳಿ ಇದೆ. ಕಳೆದ ಬಾರಿ ಮಾತನಾಡುವಾಗ ನಡುವೆಯೇ, ‘ಇರು, ಈ ವಾರದವರು ಹೋದರೋ ಕೇಳುತ್ತೇನೆ’ ಎಂದು ಕರೆ ಮುಗಿಸಿದರು.