ಹೆಬ್ಬೆಟ್ಟಿನ ಅಡಿಯ ಎಳ್ಳುಕಾಳು

ಚುಂಚನಗಿರಿ ಬೆಟ್ಟವನ್ನು ಬರಿಗಾಲಲ್ಲಿ ಹತ್ತಿಳಿದ ಮಾರನೇ ದಿನ ಅಂಗಾಲು ನೋಯುವುದು ನಮ್ಮ ಕಡೆ ಹೊಸದಲ್ಲ. ಎರಡು ದಿನಕ್ಕೆ ಹೋಗುತ್ತದೆ. ಹೋಗದೆ ಉಳಿಯುವ ನೋವೊಂದಿದೆ, ಕಾಲಿನ ಹೆಬ್ಬೆಟ್ಟಿನ ಬುಡದಲ್ಲಿ, ಅಡಿಭಾಗಕ್ಕೆ, ಒಂದೇ ಜಾಗದಲ್ಲಿ. ನಮ್ಮ ಬಳಗದ ಒಬ್ಬರ ಅವ್ವ ಅದನ್ನು ಆಣಿ ಅಂದುಕೊಂಡು ಬ್ಲೇಡಲ್ಲಿ ಕೆತ್ತಿಸಿದರು, ಎಕ್ಕದ ಹಾಲೂ ಹಚ್ಚಿದರು. ಅಲ್ಲಿ ಆಣಿಯೇ ಇರಲಿಲ್ಲ.

ಆ ಜಾಗದಲ್ಲಿ ಎರಡು ಪುಟ್ಟ ಮೂಳೆಗಳಿವೆ. ಡಾಕ್ಟರುಗಳು ಸೆಸಮಾಯ್ಡ್ ಅನ್ನುತ್ತಾರೆ. ಆ ಹೆಸರು ಬಂದಿದ್ದು ಎಳ್ಳಿನಿಂದ, ಸಂಕ್ರಾಂತಿಗೆ ಬೀರುತ್ತೇವಲ್ಲ, ಅದೇ ಎಳ್ಳು. ಗಾತ್ರ ಮಾತ್ರ ಬಟಾಣಿಯಷ್ಟು. ಬಾವಿಯ ರಾಟೆ ಹಗ್ಗಕ್ಕೆ ಆಸರೆಯಾಗುವ ಹಾಗೆ, ಬೆರಳನ್ನು ಬಗ್ಗಿಸುವ ನರಕ್ಕೆ ಇವು ಆಸರೆ. ಹೆಜ್ಜೆ ಒತ್ತಿ ಎತ್ತುವಾಗ ಮೈಭಾರ ಇವುಗಳ ಮೇಲೆ ಬೀಳುತ್ತದೆ. ಮೆಟ್ಟಿಲು ಹತ್ತಿದರೆ ಇನ್ನೂ ಜಾಸ್ತಿ. ಕುಕ್ಕರಗಾಲಲ್ಲಿ ಕೂತು ಕಳೆ ಕೀಳುವಾಗ ಹಿಮ್ಮಡಿ ಮೇಲೆದ್ದು, ಬೆರಳು ಮಡಚಿ, ಗಂಟೆಗಟ್ಟಲೆ ಅದೇ ಭಾರ.

ನೋವು ನಿಧಾನವಾಗಿ ಶುರುವಾಗಿ, ಒತ್ತಿದರೆ, ಬೆರಳನ್ನು ಮೇಲಕ್ಕೆ ಬಗ್ಗಿಸಿದರೆ ಜಾಸ್ತಿಯಾದರೆ ಇದೇ ಇರಬಹುದು. ರಾತ್ರೋರಾತ್ರಿ ಗೆಣ್ಣು ಕೆಂಪಾಗಿ, ಬಿಸಿಯಾಗಿ ಊದಿಕೊಂಡರೆ ಅದು ಬೇರೆ, ಗೌಟ್ ಇರಬಹುದು. ಜಿಗಿದಾಗ ಅಥವಾ ಬಿದ್ದಾಗ ತಟ್ಟನೆ ಶುರುವಾಗಿದ್ದರೆ ಮೂಳೆ ಬಿರುಕು ಬಿಟ್ಟಿರಬಹುದು. ಎಕ್ಸ್-ರೇ ತೆಗೆಸಿ, ಮೂಳೆ ಡಾಕ್ಟರಿಗೆ ತೋರಿಸಿ. ಬಿ.ಜಿ. ನಗರದ ಮೆಡಿಕಲ್ ಕಾಲೇಜು ಆಸ್ಪತ್ರೆ ನಮಗೇನು ದೂರವಲ್ಲ. ಕೆಲವರಿಗೆ ಹುಟ್ಟಿನಿಂದಲೇ ಈ ಮೂಳೆ ಎರಡು ತುಂಡಾಗಿರುತ್ತದೆ, ಫಿಲಂ ನೋಡಿ ಮುರಿದಿದೆ ಅಂತ ನೀವೇ ತೀರ್ಮಾನಿಸಬೇಡಿ.

ಔಷಧಿಗಿಂತ ಮುಖ್ಯವಾದದ್ದು ಆ ಜಾಗಕ್ಕೆ ಬಿಡುವು. "ಬಿಡುವು ಕೊಟ್ರೆ ಕೂಲಿ ಯಾರ್ ಕೊಟ್ಟಾರು?" ಅಂದರು ಅವ್ವ. ನ್ಯಾಯವಾದ ಮಾತೇ. ನಾಳೆಯಿಂದ ಮನೆಯಲ್ಲಿರಿ ಅನ್ನುವುದು ನಮಗೆ ಸುಲಭ. ಕೊನೆಗೆ ಅವರು ಕಳೆಗೆ ಹೋಗುವಾಗ ಗಿಡ್ಡ ಮಣೆ ತಗೊಂಡು ಹೋದರು. ಕೂತು ಕೀಳುವುದರಿಂದ ಬೆರಳು ಮಡಚುವುದು ತಪ್ಪಿತು. ಗದ್ದೆ ಕೆಸರಿಗೆ ಮಣೆ ಆಗದು, ಹಾಗಾಗಿ ನಾಟಿಗೆ ಕೆಲವು ವಾರ ಹೋಗಲಿಲ್ಲ. ಆ ಕೂಲಿ ಹೋಯಿತು.

ಬಳುಕುವ ಹವಾಯಿ ಚಪ್ಪಲಿ ಬಿಟ್ಟು ದಪ್ಪ, ಗಟ್ಟಿ ಅಟ್ಟೆಯದು ಹಾಕಿ. ನೋವಿರುವ ಜಾಗದಷ್ಟು ಬಿಟ್ಟು ಸುತ್ತ ಮೆತ್ತನೆ ತುಂಡು ಅಂಟಿಸಲು ಚಪ್ಪಲಿ ಹೊಲಿಯುವವರಿಗೆ ಹೇಳಿ, ಭಾರ ಪಕ್ಕಕ್ಕೆ ಹೋಗುತ್ತದೆ. ಬಟ್ಟೆಯಲ್ಲಿ ಸುತ್ತಿದ ಐಸನ್ನು 15 ನಿಮಿಷ ಇಡಬಹುದು. ಅಂಗಡಿಯ ನೋವಿನ ಮಾತ್ರೆಯನ್ನು ವಾರಗಟ್ಟಲೆ ನುಂಗಬೇಡಿ, ಹೊಟ್ಟೆ, ಕಿಡ್ನಿ ಎರಡಕ್ಕೂ ಪೆಟ್ಟು. ವಾಸಿಯಾಗಲು ವಾರಗಳು ಬೇಕು, ಬಿರುಕಿದ್ದರೆ ತಿಂಗಳುಗಳು.

ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದಿರುವವರು ಐಸು, ಬ್ಲೇಡು, ಎಕ್ಕದ ಹಾಲು ಯಾವುದನ್ನೂ ಮುಟ್ಟದೆ ನೇರ ಡಾಕ್ಟರ ಹತ್ತಿರ ಹೋಗಿ.