ಟಾಕೀಸು ದಾಟಿ ಮನೆಗೆ ಬಂದ ಸಿನಿಮಾ

ಡಾ. ರಾಜ್‌ಕುಮಾರ್ ಅವರ ಮೂಲ ಹೆಸರು ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಮುತ್ತುರಾಜು. ಕೊಳ್ಳೇಗಾಲ ಸೀಮೆಯ ಊರನ್ನು ಹೆಸರಲ್ಲೇ ಹೊತ್ತ ಆ ಮನೆತನದ ಪುನೀತ್, 2020ರ ಜುಲೈನಲ್ಲಿ ‘ಲಾ’ ಮತ್ತು ‘ಫ್ರೆಂಚ್ ಬಿರಿಯಾನಿ’ ಚಿತ್ರಗಳನ್ನು ಪಿಆರ್‌ಕೆ ಬ್ಯಾನರಿನಿಂದ ನೇರ ಅಮೆಜಾನ್ ಪ್ರೈಮ್‌ಗೆ ಬಿಟ್ಟರು. ಕೋವಿಡ್‌ನಿಂದ ಟಾಕೀಸಿನ ಬಾಗಿಲಿಗೆ ಬೀಗ ಬಿದ್ದಿದ್ದ ಕಾಲವದು.

ಮರುವರ್ಷ ಟಾಕೀಸು ತೆರೆದರೂ ಬಿಗಿ ಸಡಿಲವಾಗಲಿಲ್ಲ. ಪುನೀತ್ ನಟಿಸಿದ ‘ಯುವರತ್ನ’ 2021ರ ಏಪ್ರಿಲ್ 1ರಂದು ತೆರೆಕಂಡಿತು. ಕೋವಿಡ್ ಕಾರಣಕ್ಕೆ ಸೀಟುಗಳು ಅರ್ಧಕ್ಕಿಳಿದವು. ಏಪ್ರಿಲ್ 9ಕ್ಕೆ ಅದು ಮನೆಯೊಳಗೇ ಬಂತು!

ಇಲ್ಲಿಂದ ಲೆಕ್ಕವೇ ಬದಲಾಯಿತು. ಧನಗೆರೆಯ ಕುಟುಂಬವೊಂದು ಕೊಳ್ಳೇಗಾಲಕ್ಕೆ ಹೋಗಿ ಸಿನಿಮಾ ನೋಡಬೇಕೆಂದರೆ ಟಿಕೆಟ್ಟಿನ ಜತೆ ಬಸ್ ಚಾರ್ಜು, ತಿಂಡಿ, ಅರ್ಧ ದಿನದ ಕೆಲಸ ಎಲ್ಲವನ್ನೂ ಕೂಡಿಸಬೇಕು. ‘ನಾಲ್ಕು ವಾರ ತಡಿ, ಫೋನಿಗೇ ಬತ್ತದೆ’ ಅನ್ನುವವರಿಗೆ ಉತ್ತರ ಹೇಳುವುದು ಕಷ್ಟ. ತಡೆಯಲಾಗದವರಿಗೆ ಕದ್ದ ಪ್ರತಿಯ ಟೆಲಿಗ್ರಾಂ ಲಿಂಕ್ ಇದ್ದೇ ಇದೆ. ಹನೂರು ದಾಟಿ ಮಾದಪ್ಪನ ಬೆಟ್ಟದ ತಿರುವುಗಳಲ್ಲಿ ಸಿಗ್ನಲ್ ಕೈಕೊಟ್ಟರೂ ಡೌನ್‌ಲೋಡ್ ಮಾಡಿಟ್ಟ ಸಿನಿಮಾ ನಿಲ್ಲದು. ಆದರೆ ಹೀಗೆ ಕದ್ದು ಚಿತ್ರೀಕರಿಸಿ ಹಂಚಿದವರಿಗೆ ಕನಿಷ್ಠ 3 ತಿಂಗಳ ಜೈಲು, 3 ಲಕ್ಷ ರೂಪಾಯಿ ದಂಡ ಎಂದು 2023ರ ಸಿನಿಮಾಟೋಗ್ರಾಫ್ ತಿದ್ದುಪಡಿ ಕಾಯ್ದೆ ಹೇಳುತ್ತದೆ.

ಹಾಗೆಂದು ಓಟಿಟಿ ಬಾಗಿಲು ಎಲ್ಲರಿಗೂ ತೆರೆದಿಲ್ಲ. ರಕ್ಷಿತ್ ಶೆಟ್ಟಿಯವರ ಪರಂವಃ ಸಂಸ್ಥೆಯ ‘ಏಕಂ’ ಸರಣಿಗೆ ದೊಡ್ಡ ವೇದಿಕೆಗಳು ಸಿಗಲಿಲ್ಲ. 2024ರ ಜುಲೈನಲ್ಲಿ ಅವರು ಸ್ವಂತ ಜಾಲತಾಣ ಕಟ್ಟಿ, 149 ರೂಪಾಯಿಗೆ ನೇರವಾಗಿ ಪ್ರೇಕ್ಷಕರಿಗೇ ಮಾರಿದರು.